ಸೊಸೆ ಮಣ್ಣಿಗೆ ಉಣ್ಣಿಸಿದ ಬಟ್ಟೆ

ನನ್ನ ಸೊಸೆ ಯಾರ ಮನೆಗೆ ಹೋದರೂ ಮೊದಲು ನೆಲ ನೋಡುತ್ತಾಳೆ. ಮಗ ಅವಳನ್ನು ಮೊದಲ ಸಲ ಮನೆಗೆ ಕರೆತಂದ ದಿನ ಬಾಗಿಲಲ್ಲೇ ತಲೆ ಬಗ್ಗಿಸಿ ನಿಂತಳು. ನಾಚಿಕೆಯ ಹುಡುಗಿ, ಹೊಂದಿಕೊಂಡು ಹೋಗುತ್ತಾಳೆ ಎಂದು ನಾನು ಒಳಗೊಳಗೇ ಸಮಾಧಾನಪಟ್ಟೆ. ಅವಳು ನೋಡುತ್ತಿದ್ದದ್ದು ಮೆಟ್ಟಿಲ ಪಕ್ಕದ ನನ್ನ ಹೂವಿನ ಕುಂಡವನ್ನು.

"ಅಮ್ಮ, ತಪ್ಪು ತಿಳ್ಕೋಬೇಡಿ. ಇಲ್ಲಿ ಉಸಿರು ಕಟ್ಟಿದೆ," ಎಂದಳು.

"ಗಿಡಕ್ಕಾ?"

"ಮಣ್ಣಿಗೆ. ಒಂದು ಹಳೇ ಚಮಚ ಇದ್ರೆ ಕೊಡ್ತೀರಾ?"

ಮದುವೆ ಮಾತಿಗೆಂದು ಬಂದವಳು ಚಮಚ ಹಿಡಿದು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಗಟ್ಟಿಯಾಗಿದ್ದ ಮಣ್ಣನ್ನು ಬೇರಿಗೆ ನೋವಾಗದ ಹಾಗೆ ಅಂಚಿನಿಂದ ಸಡಿಲ ಮಾಡಿದಳು, ಉದುರಿದ ಎಲೆಗಳನ್ನು ಕೈಯಲ್ಲೇ ಪುಡಿ ಮಾಡಿ ಮೇಲೆ ಹರಡಿದಳು. ಮಗ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಒಳಗೆ ಚಹಾ ತಣ್ಣಗಾಯಿತು. ಆ ಚಮಚ ಮತ್ತೆ ಅಡುಗೆಮನೆಗೆ ಬರಲಿಲ್ಲ, ಇಂದಿಗೂ ಕುಂಡದಲ್ಲೇ ಇದೆ. ಗಿಡ ಮಾತ್ರ ಬದುಕಿತು.

ನಾನು ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದವಳು. ಯಜಮಾನರು ತೀರಿಕೊಂಡ ಮೇಲೂ ಕೈಕಾಲು ಆಡುವವರೆಗೆ ಕೆಲಸ ಮಾಡಿದೆ. ಮಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನ ಉಗುರಿನ ಸಂದಿಯಲ್ಲಿ ಗ್ರೀಸು, ಸೊಸೆಯ ಉಗುರಿನ ಸಂದಿಯಲ್ಲಿ ಮಣ್ಣು. ಸಂಜೆ ಇಬ್ಬರೂ ಬಚ್ಚಲ ನಲ್ಲಿಯ ಮುಂದೆ ಸೋಪಿಗಾಗಿ ಜಗಳವಾಡುವುದನ್ನು ಕೇಳುತ್ತಾ ಕೂರುವುದು ನನಗೆ ರೇಡಿಯೋ ಕೇಳಿದ ಹಾಗೆ.

ಅವಳು ಓದಿದ್ದು ಮಣ್ಣಿನ ವಿಷಯ. ನೆಲವನ್ನು ಬರಡು ಮಾಡದೆ, ಮುಂದಿನವರಿಗೂ ಉಳಿಯುವಂತೆ ಬೆಳೆ ತೆಗೆಯುವುದು ಹೇಗೆ ಎನ್ನುವುದೇ ಅವಳ ಓದು, ಅವಳ ಧ್ಯಾನ. ದೊಡ್ಡ ಪದವಿ ಮುಗಿಸಿ ಯಾರದೋ ಪ್ರಾಜೆಕ್ಟಿನಲ್ಲಿ ಸಹಾಯಕಿಯಾಗಿದ್ದಳು. ಪ್ರಾಜೆಕ್ಟ್ ಮುಗಿಯಿತು, ಕೆಲಸವೂ ಮುಗಿಯಿತು. ಅಷ್ಟರಲ್ಲಿ ಮೊಮ್ಮಗಳು ಹುಟ್ಟಿದಳು. ನಾವು ಮೊಮ್ಮಗಳನ್ನು "ಸರ್ಕಾರ" ಎಂದು ಕರೆಯುತ್ತೇವೆ. ಅವಳ ಬಾಯಿಂದ ಆದೇಶ ಹೊರಟಿತೆಂದರೆ ಮೂವರೂ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಬೇಕು.

ಆಸ್ಪತ್ರೆಯಲ್ಲಿ ಕಲಿತ ಒಂದೆರಡು ಪಾಠಗಳನ್ನು ನಾನು ಸೊಸೆಗೆ ಮೊದಲ ದಿನವೇ ಹೇಳಿದ್ದೆ. ಕೈ ತೊಳೆಯದೆ ಮಗುವನ್ನು ಎತ್ತಬಾರದು. ಅಂಗಡಿಯಿಂದ ತಂದ ಹೊಸ ಬಟ್ಟೆಯನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕದೆ ಮಗುವಿನ ಮೈಗೆ ತಾಕಿಸಬಾರದು. ಒಮ್ಮೆ ಹೇಳಿದ್ದನ್ನು ಎರಡನೇ ಸಲ ಹೇಳಿಸಿಕೊಳ್ಳುವವಳಲ್ಲ ಅವಳು.

ಮಗು ಮಲಗಿದಾಗಲೆಲ್ಲ ಅವಳು ಕಂಪ್ಯೂಟರ್ ತೆರೆದು ಕೂರುತ್ತಿದ್ದಳು. ಅದರಲ್ಲಿ ಅವಳಂಥವರಿಗೆ ಎಲ್ಲೆಲ್ಲಿ ಏನೇನು ಕಲಿಯಲು ಅವಕಾಶವಿದೆ ಎಂದು ಬರುತ್ತದಂತೆ. ಒಂದು ಕಡೆ ವಾರದ ತರಬೇತಿ, ಇನ್ನೊಂದು ಕಡೆ ತೆರೆಯ ಮೇಲೇ ಪಾಠ, ಮತ್ತೊಂದು ಕಡೆ ಸಂಬಳ ಕೊಟ್ಟು ಓದಿಸುವುದು. ಅವಳು ಅರ್ಜಿ ಹಾಕುತ್ತಲೇ ಇದ್ದಳು. ಅಲ್ಲಿಂದ ಬಹಳ ಮರ್ಯಾದೆಯಿಂದ "ಇಲ್ಲ" ಎಂದು ಬರುತ್ತಲೇ ಇತ್ತು.

"ಇಷ್ಟು ನಯವಾಗಿ ಬೇಡ ಅನ್ನೋರನ್ನ ನಾನು ಕಂಡಿಲ್ಲಪ್ಪ," ಎಂದು ನಾನು ಒಮ್ಮೆ ಅಂದೆ. "ನಮ್ಮ ವಾರ್ಡಿನ ಹೆಡ್ ನರ್ಸಮ್ಮ ಬೈದೇ ಕಳಿಸ್ತಿದ್ರು."

ಅವಳು ನಕ್ಕಳು. ಆಮೇಲೆ ಕಂಪ್ಯೂಟರ್ ಮುಚ್ಚಿ ನನ್ನ ಪಕ್ಕ ಬಂದು ಕೂತಳು. "ಅತ್ತೆ, ನಮ್ಮಲ್ಲಿ ಡಿಗ್ರಿ ಮುಗಿದು ಇಷ್ಟು ವರ್ಷ ಅಂತ ಒಂದು ಮಿತಿ ಇರುತ್ತೆ. ಅಲ್ಲೀವರೆಗೆ ನಾವು ಹೊಸ ಸಂಶೋಧಕರು, ಎಲ್ಲ ತರಬೇತಿಗೂ ಬನ್ನಿ ಅಂತಾರೆ. ಅದು ದಾಟಿದ್ರೆ ಹೊಸಬರೂ ಅಲ್ಲ, ಹಳಬರಿಗಿರೋ ಅನುಭವಾನೂ ಇಲ್ಲ. ನನಗೆ ಈ ವರ್ಷವೇ ಕೊನೆ."

"ಆಮೇಲೆ?"

"ಆಮೇಲೆ ನಿಮ್ಮ ಕುಂಡ ಇದೆಯಲ್ಲ," ಎಂದಳು. ನಗುತ್ತಲೇ ಅಂದಳು. ನಾನು ನಗಲಿಲ್ಲ.

ಕೆಲವು ದಿನ ಕಳೆದು ಒಂದು ಕಡೆಯಿಂದ "ಬನ್ನಿ" ಎಂದು ಬಂತು. ದೂರದ ಒಂದು ಬೇಸಾಯ ಕೇಂದ್ರ. ಬಿತ್ತನೆಯಿಂದ ಕೊಯ್ಲಿನವರೆಗೆ ಅಲ್ಲೇ ಇದ್ದು ಕಲಿಯಬೇಕು. ಒಬ್ಬೊಬ್ಬರಿಗೂ ಎರಡೆರಡು ಪಾತಿ ಕೊಡುತ್ತಾರೆ, ಬೆಳೆ ಅವರೇ ಬೆಳೆಯಬೇಕು, ಕಂಡದ್ದನ್ನು ಕೊನೆಯ ದಿನ ಎಲ್ಲರ ಮುಂದೆ ಹೇಳಬೇಕು. ಆ ಗುಂಪಿನಿಂದ ಒಬ್ಬರನ್ನು ಆರಿಸಿ ಮುಂದಕ್ಕೆ ಓದಿಸುತ್ತಾರೆ, ಖರ್ಚೆಲ್ಲ ಅವರದೇ. ಆ ಒಂದು ಜಾಗದ ಮೇಲೆ ಸೊಸೆಯ ಕಣ್ಣು.

ಅವತ್ತು ಊಟಕ್ಕೆ ಕೂತಾಗ ಮಾತು ಬಂತು.

"ಹೋಗೇ," ಎಂದ ಮಗ.

"ಸುಲಭವಾಗಿ ಅಂದ್ಬಿಟ್ರಿ. ಮಗು?"

"ಮಗು ಜೊತೆ ಅಮ್ಮ ಹೋಗ್ಲಿ."

"ಅಮ್ಮನ್ನ ಕೇಳಿದ್ಯೇನೋ?" ಎಂದೆ ನಾನು. "ನಾನೇನು ಬಸ್ಸಿನ ಸ್ಟೆಪ್ನಿ ಟೈರಾ, ಬೇಕಾದಾಗ ಬಿಚ್ಚಿ ಹಾಕೋಕೆ?"

"ಸ್ಟೆಪ್ನಿ ಇಲ್ದೆ ಯಾವ ಬಸ್ಸೂ ಡಿಪೋ ಬಿಡಲ್ಲಮ್ಮ," ಎಂದ. ಅವನಿಗೆ ಬಾಯಿ ಮಾತ್ರ ಅವರಪ್ಪನದೇ.

ಸೊಸೆ ಆ ಕೇಂದ್ರಕ್ಕೆ ಫೋನ್ ಮಾಡಿದಳು. ಅಲ್ಲಿನ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಾರೆ. ಹಾಲು ಕುಡಿಯುವ ಮಗು ಇದೆ, ಜೊತೆಗೆ ಅತ್ತೆ ಬರಬಹುದೇ ಎಂದು ಸೊಸೆ ಅಂಜುತ್ತಾ ಕೇಳಿದಳು. ಆ ಕಡೆಯ ದನಿ ನನಗೂ ಕೇಳಿಸಿತು. "ಮಗು ಬರಲಿ, ಅಜ್ಜಿಯೂ ಬರಲಿ. ಮೂಲೆ ರೂಮು ಖಾಲಿ ಇದೆ. ಹೊಲದಲ್ಲಿ ಮಾತ್ರ ರಿಯಾಯಿತಿ ಇಲ್ಲಮ್ಮ, ಎಲ್ಲರ ಹಾಗೇ ನೀನೂ."

ಹೀಗೆ ಈ ವಯಸ್ಸಿನಲ್ಲಿ ನಾನೂ ತರಬೇತಿಗೆ ಹೋದೆ.

ಮೂಲೆ ರೂಮೆಂದರೆ ಎರಡು ಕಬ್ಬಿಣದ ಮಂಚ, ಒಂದು ಕಪಾಟು, ಬಾಗಿಲು ಸರಿಯಾಗಿ ಕೂರದ ಬಚ್ಚಲು. ಕಿಟಕಿಯ ಎದುರಿಗೆ ಮಣ್ಣು ಒಣಗಿಸುವ ತಗಡಿನ ಕೊಠಡಿ. ಅದರೊಳಗೆ ತಟ್ಟೆ ತಟ್ಟೆಯಾಗಿ ಮಣ್ಣನ್ನು ಹರಡಿ, ತಟ್ಟೆಗೊಂದು ಚೀಟಿ ಅಂಟಿಸಿಟ್ಟಿರುತ್ತಿದ್ದರು. ನಮ್ಮ ವಾರ್ಡಿನ ತೊಟ್ಟಿಲುಗಳ ನೆನಪಾಗಿ ನನಗೆ ಆ ಕೊಠಡಿ ತಟ್ಟನೆ ಹತ್ತಿರವಾಯಿತು. ಜಗಲಿಯ ಉದ್ದಕ್ಕೂ ಕೆಸರಿನ ಬೂಟುಗಳು, ಗೋಡೆಗೆ ಜರಡಿಗಳು, ನಲ್ಲಿಯ ಬಳಿ ಕಲ್ಲಿನ ತೊಟ್ಟಿ.

ಬೆಳಿಗ್ಗೆ ಪಾಠ, ಬಿಸಿಲು ಇಳಿದ ಮೇಲೆ ಹೊಲ. ನಡುವೆ ಹಾಲು ಕುಡಿಸಲು ಸೊಸೆ ಓಡಿ ಬರುತ್ತಿದ್ದಳು. ಬೂಟು ಹೊರಗೆ ಕಳಚಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಕೈಯನ್ನು ಗಾಳಿಯಲ್ಲಿ ಹಿಡಿದುಕೊಂಡೇ ಒಳಗೆ ಬರುತ್ತಿದ್ದಳು, ಆಪರೇಷನ್ನಿಗೆ ಹೊರಟ ಡಾಕ್ಟರರ ಹಾಗೆ. ಸರ್ಕಾರ ಅವಳನ್ನು ಕಂಡೊಡನೆ ಕಾಲು ಬಡಿಯುತ್ತಿತ್ತು. ಹಾಲು ಕುಡಿಸುತ್ತಲೇ ಅವಳು ಅಂದು ಕಲಿತದ್ದನ್ನು ನನಗೆ ಹೇಳುತ್ತಿದ್ದಳು. ನನಗೆ ಅರ್ಧ ಅರ್ಥವಾಗುತ್ತಿತ್ತು, ಇನ್ನರ್ಧವನ್ನು ಅವಳ ಮುಖ ನೋಡಿ ತಿಳಿದುಕೊಳ್ಳುತ್ತಿದ್ದೆ.

ಅವಳ ಜೊತೆಗೆ ಕಲಿಯಲು ಬಂದವರಲ್ಲಿ ಬಾಗಿಲಿಗೆ ತಲೆ ತಾಕುವಷ್ಟು ಎತ್ತರದವನೊಬ್ಬ ಇದ್ದ. ಅವನನ್ನು ಎಲ್ಲರೂ ಏಣಿ ಎನ್ನುತ್ತಿದ್ದರು. ಅವನಿಗೂ ಆ ಜಾಗವೇ ಬೇಕಾಗಿತ್ತು, ಅದನ್ನು ಅವನು ಮುಚ್ಚಿಡಲೂ ಇಲ್ಲ. ಆದರೂ ದಿನಾ ಬಂದು ಸರ್ಕಾರವನ್ನು ಹೆಗಲಿಗೆ ಒರಗಿಸಿಕೊಂಡು ಒಂದು ಸುತ್ತು ಹಾಕಿಸಿ ಹೋಗುತ್ತಿದ್ದ.

"ಬೀಳಿಸೀಯಾ, ಜೋಕೆ," ಎಂದರೆ, "ಅಜ್ಜಿ, ಸರ್ಕಾರ ಬೀಳಿಸೋ ಧೈರ್ಯ ನನಗೆಲ್ಲಿದೆ?" ಎನ್ನುತ್ತಿದ್ದ.

ಸೊಸೆಯ ಎರಡು ಪಾತಿಗಳಲ್ಲಿ ಒಂದಕ್ಕೆ ಹೊದಿಕೆ ಬೆಳೆ ಹಾಕಿದ್ದಳು. ನೆಲ ಬಿಸಿಲಿಗೆ ಬೆತ್ತಲಾಗದಂತೆ ದಟ್ಟವಾಗಿ ಹಬ್ಬುವ ಬಳ್ಳಿ, ಅದರ ಎಲೆ ಉದುರಿ ಅಲ್ಲೇ ಗೊಬ್ಬರವಾಗುತ್ತದೆ. ಇನ್ನೊಂದು ಪಾತಿಯನ್ನು ಸುಮ್ಮನೆ ಕೆದಕಿ ಬರಿದಾಗಿ ಬಿಟ್ಟಿದ್ದಳು. ಯಾವುದರ ಮಣ್ಣು ಹೆಚ್ಚು ಜೀವಂತವಾಗಿದೆ ಎಂದು ತಿಳಿಯಲು ಅವರಲ್ಲಿ ಒಂದು ವಿಧಾನವಿದೆ. ಹತ್ತಿ ಬಟ್ಟೆಯ ತುಂಡುಗಳನ್ನು ಹೂಳುವುದು.

"ಬಟ್ಟೆ ಹೂಳೋದಾ? ನಿನಗೇನು ತಲೆ ಕೆಟ್ಟಿದ್ಯೇನೇ?"

"ಹತ್ತಿ ಗಿಡದಿಂದ ಬಂದಿದ್ದು ತಾನೇ ಅತ್ತೆ? ಮಣ್ಣಲ್ಲಿ ಕಣ್ಣಿಗೆ ಕಾಣದ ಜೀವಗಳು ಇದ್ರೆ ಅದನ್ನ ತಿಂದು ಮುಗಿಸ್ತವೆ. ಇಲ್ದಿದ್ರೆ ಬಟ್ಟೆ ಇದ್ದ ಹಾಗೇ ಇರುತ್ತೆ."

"ಅಂದ್ರೆ ಮಣ್ಣಿಗೆ ಊಟ ಬಡಿಸಿ, ಎಷ್ಟು ಉಂಡಿತು ಅಂತ ತಟ್ಟೆ ನೋಡೋದು."

ಅವಳು ನನ್ನ ಕೆನ್ನೆ ಹಿಂಡಿದಳು, ನಾನೇ ಮಗುವೆಂಬಂತೆ. "ಅದೇ ಅತ್ತೆ. ಅಷ್ಟೇ."

ಪೇಟೆಯಿಂದ ಹೊಸ ಬಿಳಿ ಹತ್ತಿ ಬಟ್ಟೆ ತಂದು, ಅಳೆದು, ಒಂದೇ ಸಮನಾಗಿ ಕತ್ತರಿಸಿ ಬಳ್ಳಿಯ ಪಾತಿಯಲ್ಲಿ ಹೂತಳು. ಬರಿಯ ಪಾತಿಗೆ ಬಟ್ಟೆ ಸಾಲದೆ ಬಂತು. ಮರುದಿನ ಅದೇ ಅಂಗಡಿಗೆ ಹೋಗಿ ಅದೇ ಥಾನಿನಿಂದ ಹರಿಸಿಕೊಂಡು ಬಂದಳು. ಅದರ ಜೊತೆಗೆ ಮಗುವಿಗೆ ಟೋಪಿ, ಹೊದೆಸುವ ಬಟ್ಟೆ ಎಲ್ಲ ಒಂದೇ ಚೀಲದಲ್ಲಿ ಬಂದವು. ಮಗುವಿಗೆ ಅಂದು ಸ್ವಲ್ಪ ಮೈ ಬಿಸಿಯಿತ್ತು. ಸೊಸೆ ಒಂದು ಕೈಯಲ್ಲಿ ಅದನ್ನು ಎದೆಗೆ ಒರಗಿಸಿಕೊಂಡು, ಇನ್ನೊಂದು ಕೈಯಲ್ಲಿ ಚೀಲವನ್ನು ಬೋರಲು ಹಾಕಿ ಎಲ್ಲವನ್ನೂ ಬಿಸಿನೀರಿನ ಬಕೆಟ್ಟಿಗೆ ಸುರಿದಳು.

ಮಾರನೆಯ ಬೆಳಿಗ್ಗೆ ಹಗ್ಗದ ಮೇಲೆ ಸಣ್ಣ ಸಣ್ಣ ಬಟ್ಟೆಗಳ ನಡುವೆ ಆ ಉದ್ದದ ಬಿಳಿ ಬಟ್ಟೆಯೂ ಗಾಳಿಗೆ ಉಬ್ಬುತ್ತಿತ್ತು.

"ಅಜ್ಜಿ, ಸರ್ಕಾರದ ಬಾವುಟ ಈ ಸಲ ಭಾರಿ ಉದ್ದ ಇದೆ!" ಎಂದು ಏಣಿ ಕೂಗಿಕೊಂಡು ಹೋದ. ನಾವೆಲ್ಲ ನಕ್ಕೆವು. ಒಣಗಿದ ಮೇಲೆ ಸೊಸೆ ಅದನ್ನು ಕತ್ತರಿಸಿ, ಬರಿಯ ಪಾತಿಯಲ್ಲಿ ಹೂತು ಬಂದಳು. ಉಳಿದ ಚೂರುಗಳನ್ನು ನಾನು ಮಗುವಿನ ಬಾಯಿ ಒರೆಸಲು ಎತ್ತಿಟ್ಟುಕೊಂಡೆ. ಮೊದಲ ದಿನ ಕತ್ತರಿಸಿ ಉಳಿದಿದ್ದ ಅಂಚಿನ ಚೂರುಗಳೂ ಅದೇ ಕಪಾಟಿನಲ್ಲಿದ್ದವು.

ಬಳ್ಳಿ ಹಬ್ಬಿತು, ಹೂಬಿಟ್ಟಿತು. ಸರ್ಕಾರ ಬೋರಲು ಬಿದ್ದಿತು, ತೆವಳಿತು, ಎದ್ದು ಕೂತಿತು. ಬಟ್ಟೆ ತೆಗೆಯುವ ದಿನವೂ ಬಂತು.

ಅಂದು ನಾನೂ ಮಗುವನ್ನು ಎತ್ತಿಕೊಂಡು ಪಾತಿಯ ಬಳಿ ನಿಂತಿದ್ದೆ. ಸೊಸೆ ಮೊಣಕಾಲೂರಿ, ಅದೇ ನಮ್ಮ ಕುಂಡಕ್ಕೆ ಮಾಡಿದ ಹಾಗೆ, ಅಂಚಿನಿಂದ ಮೆಲ್ಲಗೆ ಮಣ್ಣು ಸರಿಸಿದಳು. ಬರಿಯ ಪಾತಿಯ ತುಂಡುಗಳು ಕೊಳೆಯಾಗಿದ್ದರೂ ಹೆಚ್ಚುಕಡಿಮೆ ಪೂರ್ತಿ ಬಂದವು. ಬಳ್ಳಿಯ ಪಾತಿಯವು? ಒಂದೊಂದೂ ಜೇಡರ ಬಲೆ. ಕೈಯಲ್ಲಿ ಎತ್ತಿದರೆ ಆಚೆಯ ಬೆಳಕು ಕಾಣುತ್ತಿತ್ತು. ಎಲ್ಲರೂ ಕೆಲಸ ಬಿಟ್ಟು ಬಂದು ಸುತ್ತುವರಿದರು. ದೊಡ್ಡ ಮೇಡಂ ಕನ್ನಡಕವನ್ನು ಹಣೆಗೇರಿಸಿ, ಬಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದು, "ಇಷ್ಟು ವ್ಯತ್ಯಾಸ ನಾನು ಇಲ್ಲಿ ನೋಡೇ ಇಲ್ಲ," ಎಂದರು. ಆಕೆ ಹೊಗಳುವವರಲ್ಲ. ಆ ಮಾತು ಸಾಕಾಗಿತ್ತು.

ಏಣಿ ನನ್ನ ಬಳಿ ಬಂದು, "ಅಜ್ಜಿ, ನಾನು ಗಂಟುಮೂಟೆ ಕಟ್ತೀನಿ. ಸೀಟು ಅಕ್ಕಂದೇ," ಎಂದ. ಮುಖ ಸಪ್ಪಗಿತ್ತು, ಆದರೆ ಮಾತು ಒಳ್ಳೆಯ ಮನಸ್ಸಿನಿಂದಲೇ ಬಂದಿತ್ತು.

ಆ ವಾರವೆಲ್ಲ ಸೊಸೆಯ ಕಾಲು ನೆಲದ ಮೇಲಿರಲಿಲ್ಲ. ನನಗೂ ಒಳಗೆ ಹಿಗ್ಗು. ಮಗನಿಗೆ ಫೋನಿನಲ್ಲಿ, "ನಿನ್ನ ಹೆಂಡ್ತಿ ಇನ್ನು ನಿನ್ನ ಕೈಗೆ ಸಿಗಲ್ಲ ಕಣೋ," ಎಂದೆ. "ಈಗೆಲ್ಲಿ ಸಿಕ್ಕಿದ್ದಾಳೆ," ಎಂದ.

ಎಲ್ಲರ ಮುಂದೆ ಹೇಳುವ ದಿನ ನಾಳೆ ಎನ್ನುವಾಗ, ಮಧ್ಯಾಹ್ನ, ಸೊಸೆ ರೂಮಿನಲ್ಲೇ ಕೂತು ಮಗುವಿಗೆ ಬೇಯಿಸಿ ಹಿಸುಕಿದ ಕಾಯಿಪಲ್ಲೆ ತಿನ್ನಿಸುತ್ತಿದ್ದಳು. ನಾನು ಆ ಬಿಳಿಯ ಚೂರುಗಳಲ್ಲಿ ಒಂದನ್ನು ಕೊಟ್ಟೆ. ಗದ್ದ ಒರೆಸಿದೊಡನೆ ಸರ್ಕಾರ ಮುಖ ತಿರುಗಿಸಿ ಕಿರುಚಿತು. ಸೊಸೆ ಮತ್ತೆ ಒರೆಸಿದಳು, ಮಗು ಬಟ್ಟೆಯನ್ನು ಕಿತ್ತು ಎಸೆಯಿತು. ಗದ್ದ ಕೆಂಪಾಗಿತ್ತು.

"ಯಾಕೆ ಅತ್ತೆ, ಇದು ಇಷ್ಟು ಒರಟು?"

"ಅಯ್ಯೋ, ತಪ್ಪಿ ಅದು ಕೈಗೆ ಬಂತು. ಅದು ಮೊದಲ ದಿನದ್ದು ಕಣೇ, ಒಗೆದಿಲ್ಲ. ತಗೋ, ಇದು ಮೆತ್ತಗಿದೆ. ಇದು ನೀನು ಬಿಸಿನೀರಿಗೆ ಹಾಕಿದ್ದಲ್ಲ, ಅದರದ್ದು."

ಅವಳು ಒಂದು ಕೈಯಲ್ಲಿ ಇದನ್ನು, ಇನ್ನೊಂದು ಕೈಯಲ್ಲಿ ಅದನ್ನು ಹಿಡಿದಳು. ಬೆರಳಲ್ಲಿ ತಿಕ್ಕಿದಳು. ತನ್ನ ಗದ್ದಕ್ಕೆ ಒಂದಾದ ಮೇಲೊಂದು ಉಜ್ಜಿಕೊಂಡಳು. ಆಮೇಲೆ ಹಾಗೇ ಕೂತಳು. ಮಗು ಬಟ್ಟಲಿಗೆ ಕೈ ಹಾಕಿ ತಲೆಗೆಲ್ಲ ಬಳಿದುಕೊಂಡರೂ ಅವಳಿಗೆ ಗೊತ್ತಾಗಲಿಲ್ಲ.

"ಏನಾಯ್ತೇ?"

"ಬಳ್ಳಿ ಪಾತಿಗೆ ಹಾಕಿದ್ದು ಒಗೆಯದ ಬಟ್ಟೆ," ಎಂದಳು ಬಹಳ ಮೆಲ್ಲಗೆ. "ಬರೀ ಪಾತಿಗೆ ಹಾಕಿದ್ದು ಒಗೆದ ಬಟ್ಟೆ."

"ಅದಕ್ಕೇನೀಗ?"

"ಹೊಸ ಬಟ್ಟೆ ಅಂದ್ರೆ ಗಿರಣೀಲಿ ನೂಲಿಗೆ ಗಂಜಿ ಹಾಕಿರ್ತಾರೆ ಅತ್ತೆ. ಗಂಜಿ ಇದ್ರೆ ಮಣ್ಣಿನ ಜೀವಗಳು ಬೇಗ ಮುತ್ತುತ್ತವೆ. ಬಿಸಿನೀರಲ್ಲಿ ಒಗೆದ್ರೆ ಅದು ಹೋಗುತ್ತೆ. ನಾನು ಒಂದು ಪಾತಿಗೆ ತುಪ್ಪ ಹಾಕಿ ಬಡಿಸಿದೀನಿ, ಇನ್ನೊಂದಕ್ಕೆ ಬರೀ ಅನ್ನ. ಆಮೇಲೆ ಯಾರು ಜಾಸ್ತಿ ಉಂಡ್ರು ಅಂತ ಲೆಕ್ಕ ಹಾಕಿದೀನಿ."

ನನಗೆ ಅರ್ಥವಾಯಿತು, ಅರ್ಥವಾಗದೆ ಇದ್ದರೆ ಚೆನ್ನಾಗಿತ್ತು ಎನಿಸಿತು.

"ಬಳ್ಳಿ ಪಾತಿ ಮಣ್ಣು ಚೆನ್ನಾಗಿಲ್ವಾ ಹಾಗಾದ್ರೆ?"

"ಚೆನ್ನಾಗಿದೆ. ಎರೆಹುಳ ಜಾಸ್ತಿ ಇದಾವೆ, ತೇವ ಜಾಸ್ತಿ ಇದೆ. ಆದ್ರೆ ಅದು ಸಣ್ಣ ವ್ಯತ್ಯಾಸ, ಎಲ್ಲರ ಪಾತೀಲೂ ಇರೋದೇ. ಮೇಡಂ ಕಣ್ಣರಳಿಸಿದ್ದು ಆ ಬಟ್ಟೆ ನೋಡಿ. ಅದರಲ್ಲಿ ಮಣ್ಣಿನ ಕೆಲಸ ಎಷ್ಟು, ಗಂಜಿ ಕೆಲಸ ಎಷ್ಟು ಅಂತ ಈಗ ನನಗೇ ಗೊತ್ತಿಲ್ಲ."

"ಮತ್ತೆ ಹೂತು ನೋಡು."

"ಹಂಗಾಮು ಮುಗೀತಲ್ಲ ಅತ್ತೆ. ನಾಳೆ ಹೇಳ್ಬೇಕು."

ಸಂಜೆ ಮಗ ಫೋನ್ ಮಾಡಿದಾಗ ಅವಳು ಎಲ್ಲವನ್ನೂ ಹೇಳಿದಳು. ಅವನು, "ಏನೇ, ನೀನು ಬಟ್ಟೆ ಒಗೆದಿದ್ದು ಯಾರಿಗೆ ಗೊತ್ತು?" ಎಂದು ಕೇಳಿದ.

"ನನಗೆ, ಅತ್ತೆಗೆ."

"ಅಷ್ಟೇ ತಾನೇ?"

"ಸರ್ಕಾರಕ್ಕೂ," ಎಂದಳು. ನಗಲು ಹೋಗಿ ಅವಳ ದನಿ ಒಡೆಯಿತು.

ಅವನು ಕೆಟ್ಟವನಲ್ಲ. ಹೆಂಡತಿ ಎಷ್ಟು ಸಲ "ಇಲ್ಲ" ಎನ್ನಿಸಿಕೊಂಡಿದ್ದಾಳೆ ಎಂದು ಕಂಡವನು. ಆಮೇಲೆ ಅವನೇ ಅಂದ, "ಬ್ರೇಕ್ ಸರಿ ಇಲ್ಲ ಅಂತ ಗೊತ್ತಿದ್ದೂ ನಾನು ಬಸ್ ಹೊರಗೆ ಬಿಡಲ್ಲ. ನಿನಗೂ ಬಿಡೋಕಾಗಲ್ಲ ಬಿಡು. ಹೇಳ್ಬಿಡು. ಆಮೇಲೆ ಮನೆಗೆ ಬಾ, ಕುಂಡ ಒಣಗ್ತಿದೆ."

ನಾನು ಬುದ್ಧಿ ಹೇಳಲು ಹೋಗಲಿಲ್ಲ. ನನ್ನ ಮನಸ್ಸು ಎರಡೂ ಕಡೆ ಜಗ್ಗುತ್ತಿತ್ತು. "ಮಗುವಿನ ಬಟ್ಟೆ ಒಗೆಯೋದು ಒಂದು ತಪ್ಪೇನೇ? ಒಗೆದೇ ಹೂಳ್ಬೇಕಪ್ಪ, ಮಣ್ಣಿಗಾದ್ರೂ ಕೊಳೆ ಬಟ್ಟೆ ಕೊಡ್ತಾರಾ?" ಎಂದೆ. ಅವಳಿಗೆ ಅಳುವಿನ ನಡುವೆಯೇ ನಗು ಬಂತು. ನನ್ನ ತೊಡೆಯ ಮೇಲೆ ತಲೆಯಿಟ್ಟಳು. ಒಂದು ತೊಡೆಯ ಮೇಲೆ ಅವಳು, ಇನ್ನೊಂದರ ಮೇಲೆ ಅವಳ ಮಗಳು. ಇಬ್ಬರ ಕೂದಲಲ್ಲೂ ಕಾಯಿಪಲ್ಲೆ ಮೆತ್ತಿತ್ತು.

ಮರುದಿನ ಪಾಠದ ಕೋಣೆಯ ಹಿಂದಿನ ಬೆಂಚಿನಲ್ಲಿ ನಾನೂ ಕೂತೆ. ಹೊರಗಿನಿಂದ ದೊಡ್ಡ ದೊಡ್ಡವರು ಬಂದಿದ್ದರು. ಸೊಸೆಯ ಸರದಿ ಬಂದಾಗ ಆ ಜೇಡರ ಬಲೆಯಂಥ ಬಟ್ಟೆಯ ಚಿತ್ರ ಗೋಡೆಯ ಮೇಲೆ ಮೂಡಿತು. ಕೂತವರು "ಓ" ಎಂದರು. ಅವಳು ಆ "ಓ" ಮುಗಿಯುವವರೆಗೆ ಕಾದು, "ಈ ಚಿತ್ರವನ್ನು ನಂಬಬೇಡಿ," ಎಂದಳು. ಬಟ್ಟೆ ಸಾಲದೆ ಬಂದದ್ದು, ಎರಡನೇ ಸಲ ತಂದದ್ದು, ಮಗುವಿನ ಬಟ್ಟೆಯ ಜೊತೆ ಒಗೆದದ್ದು, ಅದು ತನಗೆ ನಿನ್ನೆ ಗೊತ್ತಾದದ್ದು, ಎಲ್ಲವನ್ನೂ ಬಿಡಿಸಿ ಹೇಳಿದಳು. "ಹೊಸ ಬಟ್ಟೆ ಕಂಡರೆ ಒಗೆಯುವುದು ಈಗ ನನ್ನ ಕೈಗೆ ಅಭ್ಯಾಸವಾಗಿಬಿಟ್ಟಿದೆ. ಅದು ಮಗುವಿನದಲ್ಲ, ಮಣ್ಣಿನದು ಎಂದು ಕೈಗೆ ತಿಳಿಯಲಿಲ್ಲ," ಎಂದಳು. ಯಾರೋ ನಕ್ಕರು, ಗೇಲಿಯ ನಗುವಲ್ಲ. ದೊಡ್ಡ ಮೇಡಂ ಮಾತ್ರ ನಗದೆ ಏನನ್ನೋ ಬರೆದುಕೊಂಡರು.

ಜಾಗ ಏಣಿಗೆ ಸಿಕ್ಕಿತು.

ಅವನು ಸಂಜೆ ಮೂಲೆ ರೂಮಿನ ಬಾಗಿಲಿಗೆ ಬಂದು, ಒಳಗೆ ಬರಲೂ ಆಗದೆ, ಹೋಗಲೂ ಆಗದೆ ನಿಂತ. "ಅಜ್ಜಿ, ಒಂದೆರಡು ಮಾತು ಬೈದುಬಿಡಿ. ಆಗ ನನಗೆ ಊಟ ಸೇರುತ್ತೆ."

"ಬೈಯೋಕೆ ನೀನೇನು ಮಾಡಿದೀಯಪ್ಪ? ಒಳಗೆ ಬಾ, ತಲೆ ಬಗ್ಗಿಸು, ಬಾಗಿಲು ಹೊಡೆಯುತ್ತೆ," ಎಂದೆ. ಸೊಸೆ ಮಗುವನ್ನು ಅವನ ಹೆಗಲ ಮೇಲೆ ಕೂರಿಸಿದಳು. "ಚೆನ್ನಾಗಿ ಓದು ಮಾರಾಯ. ನನ್ನ ಪಾಲಿಂದೂ ಸೇರಿಸಿ ಓದು," ಎಂದಳು. ಅವನು ಮೇಲೆ ನೋಡುತ್ತಾ ಮಗುವಿನೊಡನೆ ಮಾತಾಡುವಂತೆ ನಟಿಸಿದ.

ಮನೆಗೆ ಬಂದೆವು. ಕುಂಡ ನಿಜವಾಗಿಯೂ ಒಣಗಿತ್ತು. ಮಗ ನೀರು ಹಾಕುತ್ತಿದ್ದ, ಆದರೆ ಎಲೆಗಳನ್ನು ಕಸವೆಂದು ಗುಡಿಸಿ ಹಾಕಿದ್ದ. ಸೊಸೆ ಚಮಚ ಹಿಡಿದು ಕೂತಳು. ಕಂಪ್ಯೂಟರ್ ಮಾತ್ರ ತೆರೆಯಲಿಲ್ಲ. ತೆರೆದು ಏನು ಮಾಡುವುದು, ಮಿತಿ ದಾಟಿತ್ತು. ಹತ್ತಿರದ ಶಾಲೆಯೊಂದರಲ್ಲಿ ಪಾಠ ಹೇಳಲು ಕೇಳಿದ್ದರು, ಅದಕ್ಕೆ ಹೂಂ ಅನ್ನುವವಳಿದ್ದಳು. ಶಾಲೆಯ ಪಾಠ ಕಡಿಮೆ ಕೆಲಸವಲ್ಲ, ನನಗೆ ಗೊತ್ತು. ಆದರೆ ಅವಳು ರಸ್ತೆಯಲ್ಲಿ ನಡೆಯುವಾಗ ನೇರಕ್ಕೆ ನೋಡಿಕೊಂಡು ನಡೆಯತೊಡಗಿದ್ದಳು. ಎಲ್ಲರ ಹಾಗೆ. ಅದು ನನಗೆ ಸರಿಬರಲಿಲ್ಲ.

ಒಂದು ಬೆಳಿಗ್ಗೆ ಫೋನ್ ಬಂತು. ಸೊಸೆಯ ಕೈ ಹಿಟ್ಟಾಗಿತ್ತು, ನಾನೇ ಎತ್ತಿದೆ.

"ಅಜ್ಜಿಯಾ? ಸರ್ಕಾರ ಹೇಗಿದ್ದಾಳೆ?" ದೊಡ್ಡ ಮೇಡಂ. ಆ ಹೆಸರು ಆಕೆಗೂ ಗೊತ್ತಿತ್ತೆಂದು ನನಗೆ ಆಗಲೇ ತಿಳಿದದ್ದು.

ಫೋನನ್ನು ಸೊಸೆಯ ಕಿವಿಗೆ ಹಿಡಿದು ನಿಂತೆ. ಆಕೆಯ ದನಿ ಹೇಗೂ ಓಣಿಗೆಲ್ಲ ಕೇಳುವಂಥದು.

"ನೋಡಮ್ಮ, ನಾವು ಎಷ್ಟೋ ವರ್ಷದಿಂದ ಹುಡುಗರ ಕೈಲಿ ಬಟ್ಟೆ ಹೂಳಿಸ್ತಿದೀವಿ. ಒಗೀರಿ ಅಂತಾನೂ ಹೇಳಿಲ್ಲ, ಒಗೀಬೇಡಿ ಅಂತಾನೂ ಹೇಳಿಲ್ಲ. ಯಾರು ಯಾವ ಬಟ್ಟೆ ಹಾಕಿದ್ರೋ, ಹಳೇ ಲೆಕ್ಕ ತೆಗೆದು ನೋಡಿದ್ರೆ ನನಗೇ ಅನುಮಾನ ಬರ್ತಿದೆ. ಹೊಸ ತಂಡ ಬರ್ತಿದೆ. ನೀನು ಬಂದು ಅದನ್ನ ಮೊದಲಿಂದ ಸರಿ ಮಾಡು. ಒಗೆದದ್ದು, ಒಗೆಯದ್ದು, ಎರಡನ್ನೂ ಎರಡು ಪಾತೀಲೂ ಹಾಕು. ಹುಡುಗರಿಗೆ ಕಲಿಸು, ಅದನ್ನೇ ಇಟ್ಕೊಂಡು ಮುಂದಕ್ಕೆ ಓದು."

"ಮೇಡಂ, ನನಗೆ ಮಿತಿ ದಾಟಿದೆ."

"ಹೆರಿಗೆ ಆದ ವರ್ಷಾನ ಯಾರಮ್ಮ ಲೆಕ್ಕಕ್ಕೆ ಹಿಡಿಯೋದು? ಅದನ್ನ ಬಿಡ್ಬೇಕು ಅಂತ ನಿಯಮದಲ್ಲೇ ಇದೆ. ನೀನೂ ಕೇಳಿಲ್ಲ, ನಾನೂ ನೋಡಿಲ್ಲ. ಮೇಲಿನವರ ಹತ್ರ ಕೂತು ಒಪ್ಪಿಸಿದೀನಿ. ಸದ್ಯಕ್ಕೆ ಒಂದು ವರ್ಷ. ಆಮೇಲಿಂದು ಆಮೇಲೆ."

ಸೊಸೆ ಹಿಟ್ಟಿನ ಕೈಯ ಹಿಂಬದಿಯಿಂದ ಕಣ್ಣು ಒರೆಸಿಕೊಂಡಳು.

"ಕೇಳಿಸ್ತೇನಮ್ಮ? ಮೂಲೆ ರೂಮಿನ ಬಚ್ಚಲ ಬಾಗಿಲೂ ಸರಿ ಮಾಡಿಸಿದೀನಿ, ಅಜ್ಜಿಗೆ ಹೇಳು."

ಫೋನ್ ಇಟ್ಟ ಮೇಲೆ ಅವಳು ಹಿಟ್ಟಿನ ಕೈಯಲ್ಲೇ ನನ್ನನ್ನು ತಬ್ಬಿಕೊಂಡಳು. ಬೆನ್ನ ಮೇಲೆ ಬಿದ್ದ ಐದು ಬೆರಳಿನ ಗುರುತನ್ನು ನಾನು ಸಂಜೆ ಮಗ ಬರುವವರೆಗೂ ಒರೆಸಲಿಲ್ಲ. ಅವನು ನೋಡಿ, "ಏನಮ್ಮ, ಸೊಸೆ ಹೊಡೆದ್ಲಾ?" ಎಂದ. "ಸ್ಟೆಪ್ನಿ ಮತ್ತೆ ಹೊರಟಿತು ಕಣೋ," ಎಂದೆ.

ಈಗ ಹೊಸ ತಂಡ ಬಂದಿದೆ. ಮೊದಲ ದಿನವೇ ಸೊಸೆ ಎಲ್ಲರನ್ನೂ ಕಲ್ಲಿನ ತೊಟ್ಟಿಯ ಬಳಿ ಕರೆದಳು. ಥಾನು ಬಿಚ್ಚಿ, ಅರ್ಧವನ್ನು ಬಿಸಿನೀರಿಗೆ ಹಾಕಿಸಿದಳು. ಚುರುಕು ಬಾಯಿಯ ಹುಡುಗಿಯೊಬ್ಬಳು, "ಅಕ್ಕ, ಹೇಗಿದ್ರೂ ಮಣ್ಣಿಗೆ ಹೋಗೋ ಬಟ್ಟೆ, ಒಗೆದು ಯಾರಿಗೆ ತೋರಿಸ್ಬೇಕು?" ಎಂದಳು.

ಬಟ್ಟೆ ಬಿಸಿಲಿಗೆ ಒಣಗುವವರೆಗೆ ಸೊಸೆ ಅವಳನ್ನು ಕಾಯಿಸಿದಳು. ಒಗೆದ ಒಂದು ಚೂರು, ಒಗೆಯದ ಒಂದು ಚೂರು, ಎಲ್ಲರ ಕೈಗೂ ಕೊಟ್ಟಳು. "ಗದ್ದಕ್ಕೆ ಉಜ್ಜಿ ನೋಡಿ," ಎಂದಳು.

ಅಷ್ಟು ಓದಿದ ಮಕ್ಕಳೆಲ್ಲ ಬಿಸಿಲಲ್ಲಿ ಸಾಲಾಗಿ ನಿಂತು ಗದ್ದಕ್ಕೆ ಬಟ್ಟೆ ಉಜ್ಜಿಕೊಳ್ಳುತ್ತಿದ್ದರು. ಸಾಲಿನ ಕೊನೆಗೆ, ಆಗಷ್ಟೇ ನಡೆಯಲು ಕಲಿತ ನಮ್ಮ ಸರ್ಕಾರವೂ ನನ್ನ ಬೆರಳು ಬಿಡಿಸಿಕೊಂಡು ಹೋಗಿ ನಿಂತಿತು. ಅಮ್ಮನ ಮುಂದೆ ಕೈ ಚಾಚಿ ಎರಡು ಚೂರು ಈಸಿಕೊಂಡಿತು. ಉಜ್ಜಿ ನೋಡಿ ಒಂದನ್ನು ಇಟ್ಟುಕೊಂಡು, ಇನ್ನೊಂದನ್ನು ಅಮ್ಮನಿಗೇ ವಾಪಸು ಕೊಟ್ಟಿತು.